ಒಂದು ಬಟನ್, ನೂರಾರು ಹಾಡು (ರಿಡಿಮ್ ಕಥೆ, ಭಾಗ 3)

ಹಾಡು ಮೊದಲಾ, ಬೀಟ್ ಮೊದಲಾ? ಜಮೈಕಾದ ಡ್ಯಾನ್ಸ್‌ಹಾಲ್‌ನಲ್ಲಿ ಬೀಟೇ ಮೊದಲು. ಅದಕ್ಕೆ ಅಲ್ಲಿ ‘ರಿಡಿಮ್’ ಅಂತಾರೆ. ಒಂದು ರಿಡಿಮ್ ಹಿಟ್ ಆದ್ರೆ ಹತ್ತಾರು ಗಾಯಕರು ಅದರ ಮೇಲೇ ತಮ್ಮ ತಮ್ಮ ಹಾಡು ಹೇಳ್ತಾರೆ. ಮಟ್ಟು ಒಂದೇ, ಮಾತು ಬೇರೆ. ಅದನ್ನ ಅಲ್ಲಿ ಕಳ್ಳತನ ಅನ್ನಲ್ಲ.

ಇವತ್ತಿನ ರಿಡಿಮ್ ‘ಸ್ಲೆಂಗ್ ಟೆಂಗ್’. ಇಯರ್‌ಫೋನ್ ಹಾಕ್ಕೊಂಡು ಓದಿ 🎧

ಆಗೆಲ್ಲ ರಿಡಿಮ್ ಅಂದ್ರೆ ಡ್ರಮ್ಮು, ಬೇಸು, ಗಿಟಾರು ನುಡಿಸೋ ತಂಡ ಬೇಕಿತ್ತು. ಸ್ಟುಡಿಯೋ ಬಾಡಿಗೆ ಬೇರೆ, ಅವರ ಸಂಭಾವನೆ ಬೇರೆ. ಕಿಂಗ್‌ಸ್ಟನ್‌ನ ನೋಯೆಲ್ ಡೇವಿ ಹತ್ರ ಇದ್ದದ್ದು ಮನೇಲಿ ನುಡಿಸೋ ಪುಟ್ಟ ಕೀಬೋರ್ಡ್, ಕಾಸಿಯೋ ಎಂಟಿ-40. ಅದರಲ್ಲಿ ‘ರಾಕ್’ ಅಂತ ಒಂದು ರೆಡಿಮೇಡ್ ಬೀಟ್. ಶುರು ಮಾಡಿದ್ರೆ ಡ್ರಮ್ಮೂ ಬೇಸೂ ತಾನಾಗೇ ಓಡ್ತಿತ್ತು. ಡೇವಿ ಮತ್ತು ಗಾಯಕ ವೇಯ್ನ್ ಸ್ಮಿತ್ ಅದನ್ನ ವಾಟರ್‌ಹೌಸ್ ಏರಿಯಾದ ಪ್ರೊಡ್ಯೂಸರ್ ಜಾಮಿ ಹತ್ರ ಒಯ್ದರು. ಜಾಮಿ ಬೀಟಿನ ವೇಗ ಇಳಿಸಿದ, ಮೇಲೆ ಒಂದಿಷ್ಟು ತಾಳವಾದ್ಯ ಸೇರಿಸಿದ. ವೇಯ್ನ್ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹಾಡಿದ. ಆಗ ಅವನಿಗೆ ವಯಸ್ಸು 19. ಹೆಚ್ಚುಕಡಿಮೆ ನಮ್ಮದೇ!

1985 ಫೆಬ್ರವರಿ 23, ವಾಲ್ಥಮ್ ಪಾರ್ಕ್ ರೋಡ್. ಎರಡು ಸೌಂಡ್ ಸಿಸ್ಟಮ್‌ಗಳ ಜಿದ್ದಾಜಿದ್ದಿ: ಜಾಮಿ ಒಂದು ಕಡೆ, ಬ್ಲ್ಯಾಕ್ ಸ್ಕಾರ್ಪಿಯೋ ಇನ್ನೊಂದು ಕಡೆ. ಇಂಥ ಕ್ಲ್ಯಾಶ್‌ನಲ್ಲಿ ಜಡ್ಜ್ ಯಾರೂ ಇರಲ್ಲ, ಜನರ ಕೂಗೇ ತೀರ್ಪು. ಸ್ಲೆಂಗ್ ಟೆಂಗ್ ಹಾಕಿದ್ದೇ ತಡ, ಆಟ ಜಾಮಿದಾಯ್ತು. ‘ಪ್ರಿನ್ಸ್’ ಜಾಮಿ ಮುಂದೆ ‘ಕಿಂಗ್’ ಜಾಮಿ ಆದ.

ಆಮೇಲೆ ಸಾಲು ಸಾಲು ದನಿಗಳು. ಹದಿಹರೆಯದ ಟೆನರ್ ಸಾ ‘ಪಂಪ್ಕಿನ್ ಬೆಲ್ಲಿ’ ಹಾಡಿದ. ಅಷ್ಟೊತ್ತಿಗೆ ಹೆಸರು ಮಾಡಿದ್ದ ಹಿರಿಯ ಜಾನಿ ಆಸ್ಬೋರ್ನ್ ‘ಬಡ್ಡಿ ಬೈ’ ಕೊಟ್ಟ. ಜಾನ್ ವೇಯ್ನ್ ‘ಕಾಲ್ ದ ಪೊಲೀಸ್’ ಅಂದ. ಒಂದರ ಹಿಂದೆ ಒಂದು ಕೇಳಿ ನೋಡಿ. ಬೀಟ್ ಅದೇ, ಆದ್ರೆ ಒಬ್ಬೊಬ್ಬರ ಮೂಡೂ ಬೇರೆ.

ಈಗ ಕಾಮರ್ಸ್ ಕ್ಲಾಸಿನ ಭಾಷೆಲಿ ಮಾತಾಡೋಣ. ಖರ್ಚು ಇಳೀತು, ದುಡ್ಡಿಲ್ಲದ ಹುಡುಗರಿಗೂ ಸ್ಟುಡಿಯೋ ಬಾಗಿಲು ತೆರೀತು. ಅದೇ ಹೊತ್ತಿಗೆ, ವರ್ಷಗಟ್ಟಲೆ ರಿಡಿಮ್ ನುಡಿಸಿ ಬದುಕಿದ್ದ ವಾದ್ಯಗಾರರಿಗೆ ಕೆಲಸ ಕಡಿಮೆ ಆಯ್ತು. ಲಾಭದ ಕಾಲಂ ಒಂದನ್ನೇ ಓದಿ ಇತಿಹಾಸ ಮುಗಿಸೋಕೆ ಆಗಲ್ಲ.

ಇನ್ನೊಂದು ಹೆಸರು ಬಾಕಿ ಇದೆ. ಆ ‘ರಾಕ್’ ಬೀಟ್ ಮಾಡಿದ್ದು ಯಾರು ಗೊತ್ತಾ? ಒಕುಡಾ ಹಿರೋಕೊ. 1980ರಲ್ಲಿ ಕಾಸಿಯೋ ಸೇರಿದ ಹೊಸ ಉದ್ಯೋಗಿ. ಕಾಲೇಜಲ್ಲಿ ಅವರು ಪ್ರಬಂಧ ಬರೆದಿದ್ದು ರೆಗೆ ಮೇಲೇ! ರೆಗೆ ಪ್ರೀತಿಸಿದ ಹುಡುಗಿ ಟೋಕಿಯೋದಲ್ಲಿ ಮಾಡಿದ ರಾಕ್ ಬೀಟ್, ಕಿಂಗ್‌ಸ್ಟನ್‌ಗೆ ಹೋಗಿ ರೆಗೆಯ ದಾರಿಯನ್ನೇ ತಿರುಗಿಸಿತು. ಕಾಸಿಯೋ ಅದಕ್ಕೆ ದುಡ್ಡು ಕೇಳಲಿಲ್ಲ. ಕೇಳಿದ್ದಿದ್ರೆ ಈ ನೂರಾರು ಹಾಡು ಇರ್ತಿತ್ತಾ?

ಆದ್ರೆ ದುಡ್ಡು ಬೇರೆ, ಹೆಸರು ಬೇರೆ. ಬೀಟ್ ಎಲ್ಲರದ್ದೂ ಆಗಲಿ, ಮಾಡಿದವರ ಹೆಸರು ಮಾತ್ರ ಜೊತೇಲೇ ಬರಲಿ. ನೀವೇನಂತೀರಾ? ಕಾಮೆಂಟಲ್ಲಿ ಹೇಳಿ 👇

#ರಿಡಿಮ್‌ಕಥೆ #ಸ್ಲೆಂಗ್‌ಟೆಂಗ್ #ಡ್ಯಾನ್ಸ್‌ಹಾಲ್