ಲಾಗಿನ್ ಬೇಡುವ ಜಾಲಪುಟಗಳಿಂದ ಪಿಡಿಎಫ್ ತಯಾರಿಕೆ

ಬ್ಯಾಂಕ್ ಸ್ಟೇಟ್‌ಮೆಂಟ್, ಅಂಕಪಟ್ಟಿ, ರಸೀದಿ ಮುಂತಾಗಿ ಲಾಗಿನ್ ಆದವರಿಗಷ್ಟೇ ತೆರೆದುಕೊಳ್ಳುವ ಜಾಲಪುಟಗಳನ್ನು ತಂತ್ರಾಂಶದ ಮೂಲಕ ಪಿಡಿಎಫ್ ಕಡತವಾಗಿಸುವ ವಿಧಾನ. ಮೇಲ್ನೋಟಕ್ಕೆ ಇದು ಮುದ್ರಣದ ಕೆಲಸ. ಆದರೆ ಇದರ ಇತಿಹಾಸವನ್ನು ಹೆಚ್ಚಾಗಿ ರೂಪಿಸಿದ್ದು ‘ಪುಟ ಕೇಳುತ್ತಿರುವವರು ಯಾರು’ ಎಂಬ ಪ್ರಶ್ನೆ. ಎಚ್‌ಟಿಟಿಪಿ ನಿಯಮದಂತೆ ನಡೆಯುವ ಸರ್ವರ್‌ಗೆ ಹಿಂದಿನ ಕೋರಿಕೆಯ ನೆನಪಿರುವುದಿಲ್ಲ. ಆ ಮರೆವಿಗೆ ಮದ್ದಾಗಿ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿ ಎಂಬ ಗುರುತುಚೀಟಿಯನ್ನು ರೂಪಿಸಿದರು. ಅಡೋಬಿಯ ಪಿಡಿಎಫ್ ಹೊರಬಂದದ್ದು ಅದಕ್ಕೂ ಒಂದು ವರ್ಷ ಮೊದಲು, 1993ರಲ್ಲಿ. ಲಾಗಿನ್ನಿನ ಗುರುತಾದ ಕುಕಿ ಬಳಕೆದಾರರ ಬ್ರೌಸರಿನಲ್ಲಿ ಉಳಿಯುತ್ತದೆ. ಪಿಡಿಎಫ್ ಮಾಡುವ ತಂತ್ರಾಂಶ ಬೇರೆಲ್ಲೋ ಓಡುತ್ತದೆ. ಹಾಗಾಗಿ ಅದು ಸರ್ವರ್ ಮುಂದೆ ಅಪರಿಚಿತನಂತೆ ನಿಂತು, ರಸೀದಿಯ ಬದಲು ಲಾಗಿನ್ ಪುಟವನ್ನೇ ಪಿಡಿಎಫ್ ಮಾಡಿಕೊಂಡು ಬರುತ್ತದೆ.

ಮೊದಲ ಪರಿಹಾರ, ಗುರುತನ್ನೇ ಕೈಗೆ ಕೊಟ್ಟು ಕಳಿಸುವುದು. ವೆಬ್‌ಕಿಟ್ ಎಂಬ ಬ್ರೌಸರ್ ಎಂಜಿನ್ ಆಧಾರಿತ ಪರಿವರ್ತಕ ತಂತ್ರಾಂಶ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಕುಕಿಯನ್ನೂ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನೂ ಆದೇಶದ ಜೊತೆಗೇ ಸ್ವೀಕರಿಸುತ್ತಿತ್ತು. 2011ರ ಫ್ಯಾಂಟಮ್‌ಜೆಎಸ್ ಎಂಬ ಪರದೆಯಿಲ್ಲದ ಬ್ರೌಸರ್ ಬಂದಮೇಲೆ ಲಾಗಿನ್ ಫಾರ್ಮನ್ನು ಸ್ಕ್ರಿಪ್ಟಿನಿಂದಲೇ ತುಂಬುವುದು ಸಾಧ್ಯವಾಯಿತು. 2017ರಲ್ಲಿ ಕ್ರೋಮ್ ಪರದೆಯಿಲ್ಲದೆ ಓಡತೊಡಗಿತು. ಅದನ್ನು ನಡೆಸುವ ಪಪಿಟಿಯರ್ ಎಂಬ ತಂತ್ರಾಂಶ ಕೂಡ ಅದೇ ವರ್ಷ ಬಂತು. ಬ್ರೌಸರ್ ತೋರಿಸುವ ಪುಟಕ್ಕೂ ಕಡತಕ್ಕೂ ಇದ್ದ ಅಂತರ ಇದರಿಂದ ಬಹುಮಟ್ಟಿಗೆ ಕರಗಿತು. ಗುರುತಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು: ಒಂದು ರಸೀದಿ ತರಲು ಹೋದವನ ಕೈಯಲ್ಲಿ ಇಡೀ ಮನೆಯ ಬೀಗದ ಕೈ.

ಬಳಕೆದಾರರೇ ಬ್ರೌಸರಿನಿಂದ ಮುದ್ರಿಸಿಕೊಂಡರೆ ಸಾಲದೇ ಎಂಬ ಆಕ್ಷೇಪವಿದೆ. ಪರದೆಯ ಮುಂದೆ ಅವರು ಕೂತಿದ್ದಾಗ ಅದೇ ಉತ್ತಮ. ಆದರೆ ತಿಂಗಳ ಕೊನೆಗೆ ರಾತ್ರಿಯಲ್ಲಿ ಸಾವಿರಾರು ಬಿಲ್ಲುಗಳು ತಾವಾಗಿ ತಯಾರಾಗಬೇಕಾದಾಗ ಅಲ್ಲಿ ಯಾರೂ ಇರುವುದಿಲ್ಲ. ಪರಿವರ್ತಕ ನಮ್ಮದೇ ಸರ್ವರಿನಲ್ಲಿರುವಾಗ ಕುಕಿ ಕೊಟ್ಟರೇನು ಎಂಬುದು ಇನ್ನೊಂದು ವಾದ. ಆದರೆ ಆದೇಶದಲ್ಲಿ ಬರೆದ ಕುಕಿ ಲಾಗ್ ಕಡತಗಳಿಗೆ ಸೇರಿಕೊಳ್ಳಬಹುದು. ಪುಟದೊಳಗೆ ಯಾರಾದರೂ ಕೇಡಿನ ಸ್ಕ್ರಿಪ್ಟ್ ತೂರಿಸಿದ್ದರೆ ಅದು ಆ ಬಳಕೆದಾರರ ಅಧಿಕಾರದಲ್ಲೇ ಓಡುತ್ತದೆ. ಅನ್ವಯ ತಂತ್ರಾಂಶವೇ ಬಳಕೆದಾರರ ಹಕ್ಕನ್ನು ಪರೀಕ್ಷಿಸಿ, ಸಿದ್ಧವಾದ ಎಚ್‌ಟಿಎಂಎಲ್ ಅನ್ನು ಪರಿವರ್ತಕಕ್ಕೆ ಒಪ್ಪಿಸುವುದು ಇದಕ್ಕಿಂತ ಮೇಲು. ಜಾವಾಸ್ಕ್ರಿಪ್ಟ್ ಬ್ರೌಸರಿನಲ್ಲೇ ಕಟ್ಟುವ ಪುಟಗಳಿಗೆ ಈ ದಾರಿ ಒಗ್ಗದು ಎಂಬುದು ನಿಜ. ಅಲ್ಲಿ ಆ ಒಂದು ಪುಟಕ್ಕೆ, ಕೆಲವೇ ನಿಮಿಷ ಸಲ್ಲುವ ಸಹಿಯುಳ್ಳ ಕೊಂಡಿಯನ್ನು ಕೊಡಬಹುದು. ಎರಡು ದಾರಿಗಳಲ್ಲೂ ಪರಿವರ್ತಕಕ್ಕೆ ಸಿಗುವುದು ಪುಟ ಮಾತ್ರ. ಬಳಕೆದಾರರ ಗುರುತು ಅವರ ಬಳಿಯೇ ಉಳಿಯುತ್ತದೆ.