32 ಎಂಬಿಯ ಬೇಲಿ

ಹಳೇ ಲಿನಕ್ಸ್ ಮಶೀನಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸಿದವರನ್ನು ಕೇಳಿ ನೋಡಿ. ಮಶೀನಿನಲ್ಲಿ 8 ಜಿಬಿ ಮೆಮೊರಿ ಇದೆ, ಡೇಟಾಬೇಸಿಗೆ 1 ಜಿಬಿ ಕೊಡೋಣ ಅಂತ ಕಾನ್ಫಿಗ್ ಫೈಲ್ ತಿದ್ದಿ ರೀಸ್ಟಾರ್ಟ್ ಮಾಡಿದರೆ ಅದು ಏಳೋದೇ ಇಲ್ಲ. ಕರ್ನಲ್ ಕೊಡುವ ಕಾರಣ: ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’. ಅಂದರೆ, ನೀವು ಕೇಳಿದ್ದೇ ತಪ್ಪು! ಮೆಮೊರಿ ಬೇಕಾದಷ್ಟಿದೆ, ಕೇಳಿದ್ದರಲ್ಲೂ ತಪ್ಪಿಲ್ಲ. ಅಡ್ಡ ನಿಂತಿದ್ದು ಶಮ್‌ಮ್ಯಾಕ್ಸ್ ಎಂಬ ಒಂದು ಸಂಖ್ಯೆ. ಶೇರ್ಡ್ ಮೆಮೊರಿಯ ಒಂದು ತುಂಡು ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ ಅದು. ಲಿನಕ್ಸಿನಲ್ಲಿ ಬಹಳ ವರ್ಷ ಅದು 32 ಎಂಬಿ.

ಈ ಬೇಲಿ ಹಾಕಿದ್ದು ಯಾಕೆ?

ಕಥೆ ಶುರುವಾಗೋದು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನಲ್ಲಿ. 1970ರ ದಶಕದಲ್ಲಿ ಅಲ್ಲಿನ ಬೆಲ್ ಲ್ಯಾಬ್ಸ್‌ನವರು ಟೆಲಿಫೋನ್ ಕಂಪನಿಯ ಒಳಗಿನ ಕೆಲಸಗಳಿಗಾಗಿ ಯುನಿಕ್ಸನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಪ್ರೋಗ್ರಾಮುಗಳು ಪರಸ್ಪರ ಮಾತಾಡಿಕೊಳ್ಳಲು ಮೆಸೇಜ್ ಕ್ಯೂ, ಸೆಮಾಫೋರ್, ಶೇರ್ಡ್ ಮೆಮೊರಿ ಬಂದದ್ದು ಹೀಗೆ. 1983ರ ಸಿಸ್ಟಮ್ ಫೈವ್ ಯುನಿಕ್ಸ್ ಇವನ್ನು ಲೋಕಕ್ಕೆಲ್ಲ ಹಂಚಿತು.

ಈ ಶೇರ್ಡ್ ಮೆಮೊರಿಗೆ ಒಂದು ಗುಣವಿದೆ. ಅದನ್ನು ಪಡೆದ ಪ್ರೋಗ್ರಾಮ್ ಸತ್ತರೂ ಅದು ಹಾಗೇ ಉಳಿಯುತ್ತೆ. ಯಾರಾದರೂ ಅಳಿಸಬೇಕು, ಇಲ್ಲಾ ಮಶೀನ್ ರೀಬೂಟ್ ಆಗಬೇಕು. ಮೆಮೊರಿ ತುಟ್ಟಿಯಾಗಿದ್ದ ಕಾಲದಲ್ಲಿ ಒಂದು ಕೆಟ್ಟ ಪ್ರೋಗ್ರಾಮ್ ಸಾಕಿತ್ತು, ಉಳಿದವರೆಲ್ಲ ಕೈಕಟ್ಟಿ ಕೂರಲು. ಕೆರೆ ಚಿಕ್ಕದಿದ್ದರೆ ತೂಬಿನ ಹತ್ತಿರ ನೀರುಗಂಟಿ ಇರಲೇಬೇಕು. ಮಿತಿ ಹಾಕಿದ್ದು ನ್ಯಾಯವೇ.

ಆದರೆ ಮಿತಿ ಬದಲಿಸೋದು ಸುಲಭವಿರಲಿಲ್ಲ. ಬಿಎಸ್‌ಡಿ ಯುನಿಕ್ಸ್‌ಗಳಲ್ಲಿ ‘ಮ್ಯಾಕ್ಸ್‌ಯೂಸರ್ಸ್’ ಎಂಬ ಒಂದೇ ಸಂಖ್ಯೆಯಿಂದ ಹಲವು ಮಿತಿಗಳು ಹುಟ್ಟುತ್ತಿದ್ದವು. ಹಳೇ ಫ್ರೀಬಿಎಸ್‌ಡಿಯಲ್ಲಿ ಅದನ್ನು 16ರಿಂದ ಗುಣಿಸಿ 20 ಕೂಡಿದರೆ ಎಷ್ಟು ಪ್ರೊಸೆಸ್ ಓಡಬಹುದು ಅನ್ನೋದು ಸಿಗುತ್ತಿತ್ತು. 1 ಅಂತ ಬರೆದರೆ ಇಡೀ ಮಶೀನಿಗೆ 36 ಪ್ರೊಸೆಸ್, ಅಷ್ಟೇ. ಹೆಚ್ಚು ಬೇಕಂದರೆ ಕರ್ನಲ್ಲನ್ನೇ ಮತ್ತೆ ಕಂಪೈಲ್ ಮಾಡಬೇಕು. ಸನ್ ಕಂಪನಿಯ ಸೊಲಾರಿಸ್‌ನಲ್ಲಿ ಕಂಪೈಲ್ ಕೆಲಸ ತಪ್ಪಿತು. ಒಂದು ಫೈಲಿನಲ್ಲಿ ಸಂಖ್ಯೆ ಬರೆದು ರೀಬೂಟ್ ಮಾಡಿದರೆ ಆಯ್ತು. 1993ರ 4.4ಬಿಎಸ್‌ಡಿ ತಂದ ಸಿಸ್‌ಕಂಟ್ರೋಲ್ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ: ಕರ್ನಲ್ ಓಡುತ್ತಿರುವಾಗಲೇ ಸಂಖ್ಯೆ ಬದಲಿಸಬಹುದು. ಲಿನಕ್ಸಿಗೂ ಅದೇ ದಾರಿ ಬಂತು.

ಇಲ್ಲೇ ಇರೋದು ತಮಾಷೆ. ಬದಲಿಸೋದು ಸುಲಭವಾದ ಮೇಲೆ ಡೀಫಾಲ್ಟ್ ಸಂಖ್ಯೆ ಸರಿಯಿದೆಯಾ ಅಂತ ಯೋಚಿಸೋ ತುರ್ತೇ ಉಳಿಯಲಿಲ್ಲ. ಮೆಮೊರಿ ಜಿಬಿಗಟ್ಟಲೆ ಬೆಳೆದರೂ 32 ಎಂಬಿ ಅಲ್ಲೇ ಕೂತಿತ್ತು. ಡೇಟಾಬೇಸ್ ಹಾಕುವವರು ಇನ್‌ಸ್ಟಾಲ್ ಗೈಡ್ ನೋಡಿ ನಾಲ್ಕು ಸಾಲು ಕಾಪಿ ಮಾಡಿ ಮುಂದೆ ಹೋಗುತ್ತಿದ್ದರು. ಆ ಸಾಲುಗಳು ಒಂದು ಮಶೀನಿನಿಂದ ಇನ್ನೊಂದಕ್ಕೆ, ಒಬ್ಬ ಅಡ್ಮಿನ್‌ನಿಂದ ಇನ್ನೊಬ್ಬನಿಗೆ ಮಂತ್ರದಂತೆ ದಾಟಿದವು. ಅರ್ಥ ದಾಟಲಿಲ್ಲ.

ಬೇಲಿ ಬಿದ್ದದ್ದು ನಿಧಾನಕ್ಕೆ. 2005ರ ಸೊಲಾರಿಸ್ 10 ತನ್ನ ಡೀಫಾಲ್ಟನ್ನು ಮಶೀನಿನ ಮೆಮೊರಿಯ ಕಾಲು ಭಾಗಕ್ಕೆ ಕಟ್ಟಿತು. ಅಂದರೆ ಮಶೀನ್ ಬೆಳೆದಂತೆ ಮಿತಿಯೂ ಬೆಳೆಯುತ್ತೆ. 2013ರಲ್ಲಿ ಪೋಸ್ಟ್‌ಗ್ರೆಸ್ 9.3 ಕಾದೂ ಕಾದೂ ತಾನೇ ಬೇರೆ ದಾರಿ ಹಿಡಿಯಿತು. ಹೆಚ್ಚಿನ ಮೆಮೊರಿಯನ್ನು ಎಂಮ್ಯಾಪ್ ಮೂಲಕ ಪಡೆದು, ಹಳೇ ವ್ಯವಸ್ಥೆಯಿಂದ ಒಂದು ಚೂರು ಮಾತ್ರ ಇಟ್ಟುಕೊಂಡಿತು. ಮರುವರ್ಷ ಲಿನಕ್ಸ್ 3.16 ಆ ಮಿತಿಯನ್ನು ಹೆಚ್ಚುಕಡಿಮೆ ತೆಗೆದೇ ಹಾಕಿತು. ಜಗಳವಾಡುತ್ತಿದ್ದ ಇಬ್ಬರೂ ಒಂದೇ ವರ್ಷದ ಅಂತರದಲ್ಲಿ ಬೇಲಿ ಬಿಟ್ಟು ನಡೆದರು.

ಮುಗೀತು ಅಂದ್ಕೊಂಡ್ರಾ? ಡಾಕರ್ ಕಂಟೇನರ್ ಒಳಗೆ ಶೇರ್ಡ್ ಮೆಮೊರಿಗೆ ಸಿಗುವ ಡೀಫಾಲ್ಟ್ ಜಾಗ 64 ಎಂಬಿ. ಅದರೊಳಗೆ ಪೋಸ್ಟ್‌ಗ್ರೆಸ್ ಇಟ್ಟು ದೊಡ್ಡದೊಂದು ಪ್ಯಾರಲಲ್ ಕ್ವೆರಿ ಓಡಿಸಿ. ಈ ಸಲ ಬರುವ ಎರರ್ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಪಾಪ, ಡಿಸ್ಕ್ ತುಂಬಿದೆಯಾ ಅಂತ ಹುಡುಕುತ್ತಾ ಒಬ್ಬ ಎಂಜಿನಿಯರ್ ರಾತ್ರಿ ಕಳೆಯುತ್ತಾನೆ.

ಮಿತಿ ಇರೋದು ತಪ್ಪಲ್ಲ, 64 ಎಂಬಿಗೂ ಕಾರಣ ಇದ್ದೇ ಇರುತ್ತೆ. ಕಾರಣ ಸತ್ತ ಮೇಲೂ ಸಂಖ್ಯೆ ಬದುಕಿರೋದು, ಅದು ಅಡ್ಡ ಬಂದಾಗ ತನ್ನ ಹೆಸರು ಹೇಳದೆ ಬೇರೆಯವರ ಮೇಲೆ ಗೂಬೆ ಕೂರಿಸೋದು, ಇದೇ ನಿಜವಾದ ತೊಂದರೆ. ಮುಂದಿನ ಸಲ ಯಾವುದೋ ಗೈಡಿನಿಂದ ಕರ್ನಲ್ ಸೆಟ್ಟಿಂಗ್ ಕಾಪಿ ಮಾಡುವಾಗ, ಅದರ ಮೇಲೆ ಒಂದು ಸಾಲು ಕಾಮೆಂಟ್ ಬರೀರಿ: ಈ ಸಂಖ್ಯೆ ಯಾವ ಮಶೀನಿಗೆ, ಯಾಕೆ. ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರುವವರು ಕರ್ನಲ್ ಜೊತೆ ಗುದ್ದಾಡೋದು ತಪ್ಪುತ್ತೆ.