ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ

ನಾನು ಹಳೇ ಮೈಸೂರಿನ ಕಡೆಯವನು. ನನಗೆ ಸ್ವಾತಂತ್ರ್ಯ ಅಂದರೆ ಆಗಸ್ಟ್ 15, ಇಸ್ತ್ರಿ ಮಾಡಿದ ಯೂನಿಫಾರಂ, ಧ್ವಜ, ಮುಗಿಯದ ಭಾಷಣ, ಕೊನೆಗೆ ಕೈಗೆ ಬರುವ ಒಂದು ಬೂಂದಿ ಲಾಡು. ಹಾಸ್ಟೆಲ್ಲಿನಲ್ಲಿ ಜೊತೆಗಿದ್ದ ಬೀದರ ಕಡೆಯ ಗೆಳೆಯ ಒಮ್ಮೆ "ನಮಗ ಅವತ್ತ ಸಿಕ್ಕೇ ಇಲ್ಲೋ ಮಾರಾಯಾ" ಅಂದಾಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. (ನಮ್ಮ ಮೈಸೂರಿನಲ್ಲೂ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರಿನಲ್ಲಿ, ಅದೂ ಜನ ಬೀದಿಗಿಳಿದ ಮೇಲೆ. ಅದನ್ನೂ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ, ಇರಲಿ.)

ಬೀದರ, ಗುಲ್ಬರ್ಗ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಎಂಬತ್ತೆರಡು ಸಾವಿರ ಚದರ ಮೈಲಿಯ ರಾಜ್ಯ. ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಹಿಂದೂಗಳು, ರಾಜ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಮನೆಯಲ್ಲಿ ಕನ್ನಡ, ಮರಾಠಿ, ತೆಲುಗು. ಕಚೇರಿಯಲ್ಲಿ ಉರ್ದು. ಬ್ರಿಟಿಷರು ಹೊರಟಾಗ ನಿಜಾಮ ಅತ್ತಲೂ ಸೇರಲಿಲ್ಲ, ಇತ್ತಲೂ ಸೇರಲಿಲ್ಲ. 1947ರ ನವೆಂಬರಿನಲ್ಲಿ ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಆ ಹೊತ್ತಿಗೆ ಊರೂರಲ್ಲಿ ನಡೆಯುತ್ತಿದ್ದದ್ದು ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ಆಟ. ಸುಲಿಗೆ, ಬೆಂಕಿ, ಕೊಲೆ. ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಒಂದೇ ದಾಳಿಯಲ್ಲಿ ಇನ್ನೂರರಷ್ಟು ಜನ ಸತ್ತರು ಅಂತ ಆ ಕಡೆಯವರು ಹೇಳುತ್ತಾರೆ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿದ್ದೂ, ಸ್ವಾಮಿ ರಮಾನಂದ ತೀರ್ಥರು ಜೈಲು ಸೇರಿದ್ದೂ ಇದೇ ಹೋರಾಟದಲ್ಲಿ.

ಡಿಗ್ರಿಯಲ್ಲಿದ್ದಾಗ ಒಂದು ದಸರಾ ರಜೆಗೆ ಆ ಗೆಳೆಯನ ಊರಿಗೆ ಹೋಗಿದ್ದೆ. ಅವನ ಅಜ್ಜಿಗೆ ಕಥೆ ಹೇಳುವ ಹುಚ್ಚು. ರಜಾಕಾರರು ಬರುತ್ತಾರೆ ಅಂತ ಸುದ್ದಿ ಬಂದ ರಾತ್ರಿ ಬಂಗಾರವನ್ನೆಲ್ಲ ಹಗೇವಿನಲ್ಲಿ ಜೋಳದ ಕೆಳಗೆ ಹುಗಿದದ್ದು, ಎರಡು ಕೂಸು ಕಟ್ಟಿಕೊಂಡು ಬಂಡಿಯಲ್ಲಿ ಸೊಲ್ಲಾಪುರದ ದಾರಿ ಹಿಡಿದದ್ದು, ದಾರಿಯಲ್ಲಿ ಕೂಸು ಅತ್ತರೆ ಬಾಯಿಗೆ ಸೆರಗು ತುರುಕಿದ್ದು... ಎದೆ ನಡುಗುವ ಹಾಗೆ ಹೇಳುತ್ತಿದ್ದರು. ದಸರಾ ಹೊತ್ತಿಗೆ ಎಲ್ಲಾ ತಣ್ಣಗಾಗಿ ಊರಿಗೆ ವಾಪಸ್ಸು ಬಂದರಂತೆ. ಪಕ್ಕದ ಮನೆ ದರ್ಜಿಯದು, ಮುಸಲ್ಮಾನರು. ಓಡಿಹೋಗುವ ರಾತ್ರಿ ಬಂಡಿ ಹೂಡಿಕೊಟ್ಟವನು ಅವನೇ.

ನಾನು ಸುಮ್ಮನಿರದೆ ಕೇಳಿದೆ, "ನೀವು ವಾಪಸ್ಸು ಬಂದಾಗ ಅವರು ಇದ್ರಾ ಅಜ್ಜಿ?"

"ಹೋದ್ರು ತಮ್ಮಾ" ಅಂದರು.

ಎಲ್ಲಿಗೆ ಅಂತ ಕೇಳಿದ್ದಕ್ಕೆ ಎದ್ದು ಒಳಗೆ ಹೋದರು. ಅಷ್ಟು ಹೊತ್ತು ನಿಲ್ಲದೆ ಹರಿದ ಕಥೆ ಅಲ್ಲಿಗೆ ನಿಂತಿತು. ಆ ಮನೆಯ ಪಡಸಾಲೆಯಲ್ಲಿ ಒಂದು ಹಳೇ ಹೊಲಿಗೆ ಮಷೀನು ಬಟ್ಟೆ ಮುಚ್ಚಿ ಇಟ್ಟಿದ್ದರು. ಅವರ ಮನೆಯಲ್ಲಿ ಯಾರಿಗೂ ಹೊಲಿಯಲು ಬರುತ್ತಿರಲಿಲ್ಲ. ನಾನು ಆಗ ಅದನ್ನು ಇದಕ್ಕೆ ತಾಳೆ ಹಾಕಲಿಲ್ಲ. ಮಾರಬೇಕು ಅಂದಾಗಲೆಲ್ಲ ಅಜ್ಜಿ "ಅದು ನಮ್ದಲ್ಲ" ಅನ್ನುತ್ತಿದ್ದರಂತೆ. ಗೆಳೆಯ ಇದನ್ನು ಹೇಳಿದ್ದು ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ.

ಭಾರತದ ಸೈನ್ಯ ಒಳಗೆ ನುಗ್ಗಿದ್ದು 1948ರ ಸೆಪ್ಟೆಂಬರ್ 13ಕ್ಕೆ. ಹೋದದ್ದು ಸೈನ್ಯ, ಹೆಸರು ಮಾತ್ರ 'ಪೊಲೀಸ್ ಕಾರ್ಯಾಚರಣೆ'! 17ಕ್ಕೆ ನಿಜಾಮ ಶರಣಾದ. ಐದೇ ದಿನ. ನಾವು ಓದುವ ಇತಿಹಾಸ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಅಜ್ಜಿಯ ಕಥೆಯ ಹಾಗೇ.

ಆಮೇಲೆ ಆದದ್ದನ್ನು ನೋಡಿಕೊಂಡು ಬರಲು ನೆಹರೂ ಸರ್ಕಾರ ಆ ವರ್ಷದ ಕೊನೆಗೆ ಒಂದು ತಂಡ ಕಳಿಸಿತು. ಗಾಂಧಿವಾದಿ ಪಂಡಿತ ಸುಂದರಲಾಲ್, ಉರ್ದು ಲೇಖಕ ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಡಿಸೆಂಬರಿನ ಮೂರನೇ ವಾರದವರೆಗೆ ಊರೂರು ತಿರುಗಿದರು, ತಾವು ಹೋಗಲಾಗದ ನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನು ಕರೆಸಿ ಮಾತಾಡಿಸಿದರು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದಾದ ಮೇಲೆ ಸಂಸ್ಥಾನದಲ್ಲಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಅನ್ನುವುದು ಅವರ ಅಂದಾಜು. ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ. ನಾಲ್ಕರಲ್ಲಿ ಎರಡು ಇವತ್ತು ನಮ್ಮ ಕರ್ನಾಟಕದಲ್ಲಿವೆ. ಕೆಲವು ಕಡೆ ಸೈನಿಕರೂ ಪೊಲೀಸರೂ ಇದರಲ್ಲಿ ಕೈ ಹಾಕಿದ್ದರು ಅಂತ ವರದಿ ಹೇಳುತ್ತದೆ. ಬೇರೆ ಕಡೆ ಅದೇ ಸೈನ್ಯ ಅಡ್ಡ ನಿಂತು ಕಾಪಾಡಿದ್ದನ್ನೂ ಹೇಳುತ್ತದೆ.

ಸರ್ಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ಅದರ ಭಾಗಗಳು ಅಲ್ಲಲ್ಲಿ ಅಚ್ಚಾಗಿದ್ದವು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ನೋಡಲು ಸಿಗುತ್ತದೆ ಅಂತ ದೊಡ್ಡ ಸುದ್ದಿಯಾದದ್ದು 2013ರಲ್ಲಿ. ಅರವತ್ತೈದು ವರ್ಷ! ಅಂಕಿಗಳ ಬಗ್ಗೆ ಜಗಳ ಇದೆ, ಇರಲಿ. ತಂಡವೇ ಇದು ಅಂದಾಜು ಅಂತ ಹೇಳಿಕೊಂಡಿದೆ. ಅರ್ಧಕ್ಕರ್ಧ ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯೇನಲ್ಲ.

ಇದನ್ನು ಹೇಳಿದ ಕೂಡಲೇ "ಹಾಗಾದ್ರೆ ಗೋರಟಾ?" ಅನ್ನುತ್ತಾರೆ. ಗೋರಟಾ ಹೇಳಿದರೆ "ಹಾಗಾದ್ರೆ ಸುಂದರಲಾಲ್ ವರದಿ?" ಅನ್ನುತ್ತಾರೆ. ಒಂದು ಹೆಣದ ಮೇಲೆ ಇನ್ನೊಂದು ಹೆಣ ಇಟ್ಟು ಮುಚ್ಚುವ ಈ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ. ಗೋರಟಾದವರನ್ನು ಕೊಂದವರು ರಜಾಕಾರರು. ಆ ದರ್ಜಿ ಯಾರನ್ನು ಕೊಂದಿದ್ದ? ರಜಾಕಾರರ ಮುಖಂಡ ರಜ್ವಿ ಜೈಲಿನಲ್ಲಿದ್ದು 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಲೆಕ್ಕ ತೀರಿಸಿದವರು ಹಳ್ಳಿಯ ಬಡ ಮುಸಲ್ಮಾನರು.

ಇನ್ನೂ ಒಂದು ವಿಷಯ. ರಜಾಕಾರರನ್ನು ಎದುರಿಸಿದವರೆಲ್ಲ ಹಿಂದೂಗಳು ಅಂತ ನಾನೂ ಬಹಳ ದಿನ ನಂಬಿದ್ದೆ. ಹೈದರಾಬಾದಿನಲ್ಲಿ 'ಇಮ್ರೋಜ್' ಅಂತ ಉರ್ದು ಪತ್ರಿಕೆ ಇತ್ತು, ಸಂಪಾದಕ ಶೋಯೆಬುಲ್ಲಾ ಖಾನ್, ಇನ್ನೂ ಮೂವತ್ತು ತುಂಬದ ಹುಡುಗ. ರಜಾಕಾರರನ್ನು ನಿಲ್ಲಿಸಿ, ಭಾರತ ಸೇರಿ ಅಂತ ನಿಜಾಮನ ಊರಿನಲ್ಲಿ ಕೂತು, ನಿಜಾಮನ ಭಾಷೆಯಲ್ಲೇ ಬರೆದ. ಹಾಗೆ ಬರೆಯುವ ಕೈ ಕತ್ತರಿಸಬೇಕು ಅಂತ ರಜ್ವಿ ಭಾಷಣ ಮಾಡಿದ. 1948ರ ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟವನಿಗೆ ಗುಂಡು ಹೊಡೆದು, ಕೈಯನ್ನೂ ಕಡಿದರು. ಇನ್ನೊಂದು ತಿಂಗಳು ಬದುಕಿದ್ದರೆ ಸಾಕಿತ್ತು.

ಸುಂದರಲಾಲ್ ವರದಿಯಲ್ಲೂ ಇಂಥದ್ದೇ ನಾಲ್ಕು ಸಾಲು ಇದೆ. ಅಷ್ಟು ಸಾವಿನ ನಡುವೆ ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರನ್ನು ತಮ್ಮದೇ ಜನರ ವಿರುದ್ಧ ನಿಂತು ಉಳಿಸಿದರು, ಅದರಲ್ಲಿ ಕೆಲವರು ಪ್ರಾಣವನ್ನೂ ಕಳೆದುಕೊಂಡರು ಅಂತ. ಮಗ್ಗದ ಮುಂದೆ ಒಟ್ಟಿಗೆ ಕೂತು ಕಾಲ ಕಳೆದವರಿಗೆ ಪಕ್ಕದವನ ದೇವರು ಯಾವುದು ಅನ್ನುವುದು ಅವತ್ತು ದೊಡ್ಡದಾಗಿ ಕಾಣಲಿಲ್ಲವೇನೋ. ಅವರು ಮಹಾ ಉದಾರಿಗಳೇನೂ ಆಗಿರಲಿಕ್ಕಿಲ್ಲ. ನೂಲಿನ ಬೆಲೆಗೆ ಜಗಳ ಆಡಿದವರೇ ಇರಬೇಕು. ಆದರೆ ಕತ್ತಿ ಬಂದಾಗ ಬಾಗಿಲಿಗೆ ಅಡ್ಡ ನಿಂತರು.

2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. ಬಸವಣ್ಣನವರ ಕಲ್ಯಾಣ ಅಲ್ಲೇ ಇದೆಯಲ್ಲ, ಒಳ್ಳೆಯ ಹೆಸರು. ಆ ಕಲ್ಯಾಣವೂ ಒಂದು ಮದುವೆಯ ನೆಪದಲ್ಲಿ ರಕ್ತ ಕಂಡದ್ದೇ. ಗೋರಟಾದಲ್ಲಿ ಸ್ಮಾರಕ ಆಗಿದೆ, ಆಗಲೇಬೇಕಿತ್ತು. ಇನ್ನೊಂದು ಕಡೆಯ ಸಾವಿಗೆ ಒಂದು ಕಲ್ಲೂ ನಿಂತದ್ದನ್ನು ನಾನು ಕಂಡಿಲ್ಲ.

ಮೊನ್ನೆ ಸೆಪ್ಟೆಂಬರ್ 17ಕ್ಕೆ ಗೆಳೆಯ ಫೋನ್ ಮಾಡಿದ್ದ. ಮಗಳ ಶಾಲೆಯಲ್ಲಿ ಧ್ವಜಾರೋಹಣ, ಭಾಷಣ, ಎಲ್ಲಾ ಆಯಿತಂತೆ. ಭಾಷಣದಲ್ಲಿ ಶೋಯೆಬುಲ್ಲಾ ಖಾನ್ ಹೆಸರು ಬಂತಾ ಅಂತ ಕೇಳಿದೆ. ಯಾರವ ಅಂದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ವರ್ಷ ನಾನೇ ಮಾತಾಡ್ತೀನಂತ ಹೆಡ್‌ಮಾಸ್ತರಿಗೆ ಹೇಳ್ತೀನಿ. ಇದೆಲ್ಲಾ ನೀ ಬರದು ಕಳಸು" ಅಂದ.

"ದರ್ಜಿದೂ ಬರೀಲಾ?" ಅಂದೆ.

"ಬರೀ. ಓದ್ಲಿಕ್ಕ ಬಿಡ್ತಾರೋ ಇಲ್ಲೋ, ಅದು ಆಮ್ಯಾಲ ನೋಡೋಣ."